ಮಗಳು ಮಾತಾಡಲಿ, ನೀವು ಸುಮ್ಮನಿರಿ

ಹೋದ ವಾರ ನನ್ನ ಮಗಳ ಟೀಚರ್ ನನಗೆ ಬಾಯಿ ಮುಚ್ಚಿಕೊಂಡು ಕೂತಿರಿ ಅಂದರು.

ಹೀಗೆ ನೇರವಾಗಿ ಅನ್ನಲಿಲ್ಲ, ಬಿಡಿ. ಸಿಯಾಟಲ್ ಕಡೆಯವರು ಬೈದರೂ ನಗುನಗುತ್ತಾ, ಜೊತೆಗೊಂದು ಥ್ಯಾಂಕ್ಯೂ ಸೇರಿಸಿ ಬೈಯುತ್ತಾರೆ. “ಅದನ್ನು ಪೂರ್ವಿ ಬಾಯಿಂದಲೇ ಕೇಳೋಣವಾ?” ಅಂದರು. ನಾನು ದೊಡ್ಡದಾಗಿ ತಲೆಯಾಡಿಸಿದೆ. ಅರ್ಧ ನಿಮಿಷ ಆಗಿರಬೇಕು, ಮತ್ತೆ ನಡುವೆ ಬಾಯಿ ಹಾಕಿದೆ. ಮತ್ತೆ ಅದೇ ನಗು, ಅದೇ ಮಾತು.

ಪೂರ್ವಿ ನನ್ನ ಮಗಳು. ಇಲ್ಲೇ ಸಿಯಾಟಲ್ ಪಕ್ಕದ ಬಾಥೆಲ್‌ನ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಅವಳ ಸ್ಕೂಲಿನಲ್ಲಿ ‘ಸ್ಟೂಡೆಂಟ್ ಲೆಡ್ ಕಾನ್ಫರೆನ್ಸ್’ ಅಂತ ಒಂದು ಪದ್ಧತಿ ಇದೆ. ನಮ್ಮ ಕಡೆಯ ಪೇರೆಂಟ್ಸ್ ಮೀಟಿಂಗನ್ನು ತಲೆಕೆಳಗು ಮಾಡಿದರೆ ಇದಾಗುತ್ತದೆ. ನಮ್ಮಲ್ಲಿ ಟೀಚರ್ ಮಾತಾಡುತ್ತಾರೆ, ಅಪ್ಪ ಕೇಳಿಸಿಕೊಳ್ಳುತ್ತಾರೆ, ಮಗು ನೆಲ ನೋಡುತ್ತದೆ. ಇಲ್ಲಿ ಮಗು ಮಾತಾಡುತ್ತದೆ. ಈ ವರ್ಷ ಏನು ಕಲಿತೆ, ಏನು ಕಷ್ಟವಾಯಿತು, ಮುಂದಿನ ವರ್ಷ ಏನು ಮಾಡಬೇಕು ಅಂದುಕೊಂಡಿದ್ದೀನಿ ಅಂತೆಲ್ಲ ಸ್ಲೈಡ್ ತೋರಿಸಿ ಹೇಳುತ್ತದೆ. ಅಪ್ಪ ಅಮ್ಮ ಕೇಳಿಸಿಕೊಳ್ಳಬೇಕು. ಟೀಚರ್ ಪಕ್ಕದಲ್ಲಿ ಕೂತು ಅಂಪೈರ್ ಕೆಲಸ ಮಾಡುತ್ತಾರೆ.

ಎಷ್ಟು ಚೆನ್ನಾಗಿದೆ ಅಲ್ಲವಾ? ನನಗೂ ಹಾಗೇ ಅನ್ನಿಸಿತು. ಅದಕ್ಕೇ ಭಾನುವಾರ ಮಧ್ಯಾಹ್ನ ಕೂತು ಸ್ಲೈಡ್‌ಗಳನ್ನೆಲ್ಲ ನಾನೇ ಮಾಡಿಬಿಟ್ಟೆ.

ನಗಬೇಡಿ. ನಾನು ಬಯೋಟೆಕ್ ಕಂಪನಿಯಲ್ಲಿ ಕೆಲಸ ಮಾಡುವವಳು. ವಾರಕ್ಕೆರಡು ಪ್ರೆಸೆಂಟೇಶನ್ ಕೊಡುವ ಅಮ್ಮ ಮನೆಯಲ್ಲಿರುವಾಗ ಮಗು ಯಾಕೆ ಒದ್ದಾಡಬೇಕು? ಪೂರ್ವಿ ಮಾಡಿದ್ದ ಸ್ಲೈಡ್‌ನಲ್ಲಿ ಒಂದು ಬೆಕ್ಕಿನ ಫೋಟೋ ಇತ್ತು, ತೆಗೆದೆ. ಮಾರ್ಕ್ಸಿಗೆ ಒಂದು ಗ್ರಾಫ್ ಹಾಕಿದೆ. ‘ನನಗೆ ಕಷ್ಟವಾದದ್ದು’ ಅನ್ನುವ ಜಾಗ ಅವಳು ಖಾಲಿ ಬಿಟ್ಟಿದ್ದಳು. ಅಲ್ಲಿ ‘ಟೈಮ್ ಮ್ಯಾನೇಜ್‌ಮೆಂಟ್’ ಅಂತ ಬರೆದೆ. (ಇಂಟರ್‌ವ್ಯೂನಲ್ಲಿ ನಿಮ್ಮ ವೀಕ್‌ನೆಸ್ ಏನು ಅಂದರೆ ನಾವೆಲ್ಲ ಹೇಳುವುದು ಇದನ್ನೇ ತಾನೇ? ಯಾರ ಮಾನವೂ ಹೋಗುವುದಿಲ್ಲ.) ಪೂರ್ವಿ ನೋಡಿದಳು. “ಓಕೆ” ಅಂದಳು. ಹದಿನಾರರ ಮಕ್ಕಳ ಓಕೆಗೆ ನೂರು ಅರ್ಥ ಇರುತ್ತವೆ. ನಾನು ನನಗೆ ಬೇಕಾದ ಅರ್ಥ ತೆಗೆದುಕೊಂಡೆ.

ಕಾನ್ಫರೆನ್ಸ್ ದಿನ ನನ್ನ ಗಂಡ ಪ್ರಸನ್ನ ಬರಲಿಲ್ಲ. ಅವರ ಆಫೀಸು ಸಿಯಾಟಲ್ ಊರೊಳಗಿನ ಸೌತ್ ಲೇಕ್ ಯೂನಿಯನ್‌ನಲ್ಲಿ, ಆ ಹೊತ್ತಿಗೆ ಮೀಟಿಂಗ್. “ನೀನಿದೀಯಲ್ಲ, ಹೋಗಿ ಮುಗಿಸ್ಕೊಂಡ್ ಬಾ” ಅಂದರು. ನಾನೂ ಮುಗಿಸಿಕೊಂಡು ಬರುವ ಧಾಟಿಯಲ್ಲೇ ಹೋದೆ. ಒಂದು ವಿಷಯ ಮಾತ್ರ ಆವತ್ತು ತೀರ್ಮಾನ ಆಗಬೇಕಿತ್ತು. ಮುಂದಿನ ವರ್ಷಕ್ಕೆ ಯಾವ ಯಾವ ಸಬ್ಜೆಕ್ಟ್ ಅಂತ ಶುಕ್ರವಾರದೊಳಗೆ ಆರಿಸಬೇಕು, ಅದರಲ್ಲಿ ಝೀರೋ ಪೀರಿಯಡ್ ಇರಬೇಕಾ ಬೇಡವಾ ಅನ್ನುವುದು.

ಝೀರೋ ಪೀರಿಯಡ್ ಅಂದರೆ ಸ್ಕೂಲು ಶುರುವಾಗುವ ಮೊದಲೇ ನಡೆಯುವ ಒಂದು ಕ್ಲಾಸು. ಕಡ್ಡಾಯ ಅಲ್ಲ. ಬೇಕಾದವರು ಬೆಳಗಿನ ಮಬ್ಬಿನಲ್ಲೇ ಬಂದು ಒಂದು ಸಬ್ಜೆಕ್ಟ್ ಜಾಸ್ತಿ ಓದಬಹುದು. ನಮ್ಮವರಿಗೆ ‘ಬೇಕಾದವರು’ ಅಂದರೆ ಸಾಕು, ಕ್ಯೂ ನಿಲ್ಲುತ್ತೇವೆ. ಈ ವರ್ಷ ಪೂರ್ವಿಯನ್ನೂ ಸೇರಿಸಿದ್ದೆ, ಮುಂದಿನ ವರ್ಷವೂ ಮುಂದುವರಿಸುವುದು ಅಂತ ನಾನು ಮನಸ್ಸಿನಲ್ಲೇ ಪಾಸ್ ಮಾಡಿ ಆಗಿತ್ತು. ಅಷ್ಟು ಬೇಗ ಸ್ಕೂಲ್ ಬಸ್ ಬರುವುದಿಲ್ಲ, ಹಾಗಾಗಿ ನಾನೇ ಕಾರಿನಲ್ಲಿ ಬಿಡುತ್ತೇನೆ. ಉಪ್ಪಿಟ್ಟಿನ ಡಬ್ಬಿ ಅವಳ ತೊಡೆ ಮೇಲೆ, ವೈಪರ್ ಟಕ ಟಕ. ಸಂಜೆಯೂ ನಾನೇ ಕರೆದುಕೊಂಡು ಬಂದು ಮ್ಯಾಥ್ಸ್ ಟ್ಯೂಷನ್ನಿಗೆ ಬಿಡುತ್ತೇನೆ. ಆ ಕಾರಿನ ಹೊತ್ತು ನಮ್ಮಿಬ್ಬರದ್ದು ಅಂತ ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಪೂರ್ವಿ ಸ್ಲೈಡ್ ತೋರಿಸುತ್ತಾ ಹೋದಳು. ಗ್ರಾಫ್ ಬಂತು, ಟೀಚರ್ ಹುಬ್ಬೇರಿಸಿದರು. (ಇಂಥ ಗ್ರಾಫ್ ಹತ್ತನೇ ಕ್ಲಾಸಿನವರು ಮಾಡುವುದಿಲ್ಲ ಅಂತ ಅವರಿಗೆ ಗೊತ್ತಾಗಿರಬೇಕು.) ಆಮೇಲೆ ‘ಕಷ್ಟವಾದದ್ದು: ಟೈಮ್ ಮ್ಯಾನೇಜ್‌ಮೆಂಟ್.’

“ಯಾವ ಥರ ಕಷ್ಟ? ಒಂದು ಉದಾಹರಣೆ ಕೊಡ್ತೀಯಾ?” ಅಂದರು ಟೀಚರ್.

ಪೂರ್ವಿ ಸ್ಲೈಡ್ ಕಡೆ ನೋಡಿದಳು. ನಾನು ಬಿಡುತ್ತೇನಾ? ಟ್ಯೂಷನ್ನು, ವಯಲಿನ್ನು, ರೋಬೋಟಿಕ್ಸ್ ಎಲ್ಲ ಒಟ್ಟಿಗೆ ನಿಭಾಯಿಸಬೇಕಲ್ಲ ಅಂತ ಶುರು ಮಾಡಿದೆ. ನಾನು ಬೈಸಿಕೊಂಡದ್ದು ಇಲ್ಲೇ. ಎರಡನೇ ಸಲ ಬಾಯಿ ಹಾಕಿದಾಗ ಪೂರ್ವಿ ನನ್ನ ಕಡೆ ತಿರುಗಿದಳು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಈ ಸಲ ಕನ್ನಡದಲ್ಲೇ ಹೇಳಿದಳು: “ಅಮ್ಮ, ಸ್ವಲ್ಪ ಸುಮ್ನಿರು ಪ್ಲೀಸ್.”

ಏನಂದಳು ಅಂತ ಟೀಚರ್ ಕೇಳಿದರು. “ಸ್ವಲ್ಪ ನರ್ವಸ್ ಆಗಿದಾಳಂತೆ” ಅಂದೆ.

“ನಾನು ಹಾಗೆ ಹೇಳಲಿಲ್ಲ” ಅಂದಳು ಪೂರ್ವಿ.

ಆಮೇಲೆ ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಏನನ್ನೂ ಸೇರಿಸಿಲ್ಲ. “ನನಗೆ ಕಷ್ಟ ಆಗಿದ್ದು ಟೈಮ್ ಅಲ್ಲ, ಲಂಚ್. ನಮ್ಮ ಸ್ಕೂಲಲ್ಲಿ ಬಸ್ಸಲ್ಲಿ ಒಟ್ಟಿಗೆ ಬರೋರು ಒಟ್ಟಿಗೆ ಊಟಕ್ಕೆ ಕೂರ್ತಾರೆ. ನಾನು ಬೆಳಿಗ್ಗೆ ಕಾರಲ್ಲಿ ಬರ್ತೀನಿ, ಸಂಜೆ ಕಾರಲ್ಲಿ ಹೋಗ್ತೀನಿ. ಎಲ್ಲರೂ ಒಳ್ಳೆಯವರೇ, ಹಾಯ್ ಅಂತಾರೆ. ಆದರೆ ಯಾರ ಪಕ್ಕ ಕೂರಬೇಕು ಅಂತ ಗೊತ್ತಾಗಲ್ಲ. ಅದಕ್ಕೆ ಲೈಬ್ರರಿಗೆ ಹೋಗ್ತೀನಿ. ಮುಂದಿನ ವರ್ಷ ನನಗೆ ಝೀರೋ ಪೀರಿಯಡ್ ಬೇಡ.”

ಅಳಲೂ ಇಲ್ಲ, ದನಿ ಏರಿಸಲೂ ಇಲ್ಲ. ಕೆಮಿಸ್ಟ್ರಿ ಲ್ಯಾಬಿನ ರಿಪೋರ್ಟ್ ಓದುವ ಹಾಗೆ ಹೇಳಿ ಮುಂದಿನ ಸ್ಲೈಡಿಗೆ ಹೋದಳು.

ನಾನು ಪ್ರತಿದಿನ ಕೇಳುತ್ತೇನಲ್ಲ! ಕಾರು ಹತ್ತಿದ ತಕ್ಷಣ ಮೊದಲ ಪ್ರಶ್ನೆಯೇ ಊಟದ್ದು. “ಊಟ ಆಯ್ತಾ? ಡಬ್ಬಿ ಖಾಲಿ ಮಾಡಿದ್ಯಾ?” ಅವಳು ಹೂಂ ಅನ್ನುತ್ತಾಳೆ, ಡಬ್ಬಿಯೂ ಖಾಲಿಯೇ ಇರುತ್ತದೆ. ಯಾರ ಜೊತೆ ಊಟ ಮಾಡಿದೆ ಅಂತ ಒಂದು ದಿನವಾದರೂ ಕೇಳಿದ್ದೇನಾ? ಇಲ್ಲ.

ಮೈಸೂರಿನ ನನ್ನ ಹೈಸ್ಕೂಲು ನೆನಪಾಯಿತು. ಅಲ್ಲಿ ಕಲಿತ ಟ್ರಿಗನಾಮೆಟ್ರಿಯಲ್ಲಿ ಈಗ ಎಷ್ಟು ಉಳಿದಿದೆ ಅಂತ ಕೇಳಬೇಡಿ. ಉಳಿದಿರುವುದು ರಸ್ತೆ ತುಂಬಾ ನಾಲ್ಕು ಸೈಕಲ್ ಅಡ್ಡಡ್ಡ ಬಿಟ್ಟುಕೊಂಡು, ಆಟೋದವರ ಹತ್ತಿರ ಬೈಸಿಕೊಂಡು, ಮನೆ ಬಂದರೂ ಗೇಟಿನ ಹತ್ತಿರ ಮಾತು ಮುಗಿಯದೆ ನಿಂತದ್ದು. ಆ ನಾಲ್ವರಲ್ಲಿ ಒಬ್ಬಳು ನನ್ನ ಕಷ್ಟಸುಖಕ್ಕೆ ಈಗಲೂ ಫೋನ್ ಮಾಡುವ ಗೆಳತಿ. ನನ್ನ ಅಮ್ಮನಿಗೆ ನನ್ನ ಟೈಮ್‌ಟೇಬಲ್ ಗೊತ್ತಿರಲಿಲ್ಲ. ನನ್ನನ್ನು ಬಿಡುವುದಕ್ಕೆ ನಮ್ಮ ಮನೆಯಲ್ಲಿ ಕಾರೂ ಇರಲಿಲ್ಲ. ಆವಾಗ ಅದು ಕೊರತೆ ಅನ್ನಿಸಿತ್ತು.

ಹಾಗಂತ ನಾನು ಅಲ್ಲೇ ಕರಗಿಹೋದೆ ಅಂದುಕೊಳ್ಳಬೇಡಿ. ಮನೆಗೆ ಬರುತ್ತಾ ಕಾರಿನಲ್ಲಿ ವಾದ ಮಾಡಿದೆ. ಝೀರೋ ಪೀರಿಯಡ್ ಬಿಟ್ಟರೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳುವುದಕ್ಕೆ ಟೈಮ್‌ಟೇಬಲ್ಲಿನಲ್ಲಿ ಜಾಗವೇ ಇರುವುದಿಲ್ಲ ಅಂದೆ. ಕಾಲೇಜ್ ಅಪ್ಲಿಕೇಶನ್ನಿನಲ್ಲಿ ‘ಬಸ್ಸಿನಲ್ಲಿ ಓಡಾಡಿದ್ದೇನೆ’ ಅಂತ ಬರೆಯುವುದಕ್ಕೆ ಆಗುತ್ತದಾ ಅಂದೆ. ಲೈಬ್ರರಿಯಲ್ಲಿ ಊಟ ಮಾಡುತ್ತೀನಿ ಅಂತ ನನಗೆ ಯಾಕೆ ಹೇಳಲಿಲ್ಲ ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ. “ನೀನು ಕೇಳ್ಲಿಲ್ಲ” ಅಂದಳು. ಮುಂದೆ ಸಿಗ್ನಲ್ ಕೆಂಪಾಯಿತು, ನಾನು ರಸ್ತೆ ನೋಡಿದೆ.

ಸಂಜೆ ಪ್ರಸನ್ನ ಬಂದವರೇ, “ಟೀಚರ್ ಏನಂದ್ರು?” ಅಂದರು. ಟೀಚರ್ ಏನೂ ಅನ್ನಲಿಲ್ಲ, ಅಂದಿದ್ದೆಲ್ಲ ನಿಮ್ಮ ಮಗಳೇ ಅಂತ ಪೂರ್ತಿ ಹೇಳಿದೆ. ಅವರು ಶೂ ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಮರುದಿನ ಪಕ್ಕದ ಬೀದಿಯ ಸುನೀತಾಗೆ ಕಾಲ್ ಮಾಡಿದೆ. ಝೀರೋ ಪೀರಿಯಡ್ ತಗೊಳ್ಳಿ ಅಂತ ನನಗೆ ಐಡಿಯಾ ಕೊಟ್ಟವರೇ ಅವರು, ಅವರ ಮಗನೂ ಅದೇ ಕ್ಲಾಸಿಗೆ ಹೋಗುತ್ತಾನೆ. “ಅಯ್ಯೋ, ಮಕ್ಕಳು ಹೇಳಿದ್ ಹಾಗೆಲ್ಲ ಕುಣಿಯಕ್ಕಾಗತ್ತೇನ್ರೀ? ಇದೆಲ್ಲಾ ಈ ವಯಸ್ಸಿನ ಒಂದ್ ಫೇಸ್. ಸರಿಹೋಗತ್ತೆ” ಅಂದರು. ಅವರ ಮನೆಯ ಬೀನ್ಸ್ ಪಲ್ಯದಿಂದ ಹಿಡಿದು ದೇವಸ್ಥಾನದ ಪಾರ್ಕಿಂಗ್ ತನಕ ಎಲ್ಲ ಮಾತಾಡಿದೆವು. ಫೋನ್ ಇಡುವ ಹೊತ್ತಿಗೆ ಅವರ ದನಿ ಸಣ್ಣಗಾಯಿತು. “ಅಲ್ಲಾ ರೀ, ನಮ್ಮವನು ಯಾರ್ ಜೊತೆ ಊಟ ಮಾಡ್ತಾನೋ ನಂಗೂ ಗೊತ್ತಿಲ್ಲ.”

ನಮ್ಮ ಮಕ್ಕಳ ಹೈಸ್ಕೂಲಿನ ಬಗ್ಗೆ ನಮಗೆ ಏನು ಗೊತ್ತಿಲ್ಲ ಹೇಳಿ! ಯಾವ ಪರೀಕ್ಷೆ ಯಾವತ್ತು, ಯಾವ ಕೋರ್ಸಿಗೆ ಎಷ್ಟು ತೂಕ, ಯಾವ ಟೀಚರ್ ಮಾರ್ಕ್ಸ್ ಕೊಡುವುದರಲ್ಲಿ ಬಿಗಿ, ಎಲ್ಲ ನಾಲಿಗೆ ತುದಿಯಲ್ಲಿದೆ. ವಾಟ್ಸಾಪ್ ಗುಂಪಿನಲ್ಲಿ ಬೇರೆಯವರ ಮಕ್ಕಳದ್ದೂ ಗೊತ್ತು. ಇಷ್ಟೆಲ್ಲ ತಿಳಿದುಕೊಂಡ ಮೇಲೂ ಆ ಕಟ್ಟಡದೊಳಗೆ ಮಕ್ಕಳು ದಿನ ಹೇಗೆ ಕಳೆಯುತ್ತಾರೆ ಅನ್ನುವುದು ಮಾತ್ರ ಅವರಿಗೇ ಗೊತ್ತು. ಅದನ್ನು ಅವರು ಹೇಳಲಿ ಅಂತ ಸ್ಕೂಲಿನವರು ಒಂದು ಕುರ್ಚಿ ಹಾಕಿಕೊಟ್ಟರೆ ಅದರ ಮೇಲೂ ನಾವೇ ಹೋಗಿ ಕೂರುತ್ತೇವೆ.

ಶುಕ್ರವಾರ ಪೂರ್ವಿ ಲ್ಯಾಪ್‌ಟಾಪ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಝೀರೋ ಪೀರಿಯಡ್ ತೆಗೆದು ಹಾಕಿದ್ದಳು. ಕಂಪ್ಯೂಟರ್ ಸೈನ್ಸೂ ಹೋಗಿತ್ತು. ಸಬ್ಮಿಟ್ ಒತ್ತುವ ಮೊದಲು ನನ್ನ ಮುಖ ನೋಡಿದಳು. ಒಲೆ ಸಣ್ಣ ಮಾಡಿ, ಅಷ್ಟೂ ದಿನ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿಯೇಬಿಟ್ಟೆ. ನನಗೆ ನಿಜವಾದ ಭಯ ಇದ್ದದ್ದು ಕಾಲೇಜಿನದ್ದಲ್ಲ.

“ಅಕಸ್ಮಾತ್ ಬಸ್ಸಲ್ಲೂ ಯಾರೂ ಫ್ರೆಂಡ್ಸ್ ಆಗ್ಲಿಲ್ಲ ಅಂದ್ರೆ ಏನ್ ಮಾಡ್ತೀಯ, ಪುಟ್ಟಾ?”

ಅವಳು ಸಬ್ಮಿಟ್ ಒತ್ತಿದಳು. “ಆಗ ಅದು ಕಾರಿಂದ ಆಗಿದ್ದಲ್ಲ ಅಂತಾದರೂ ಗೊತ್ತಾಗುತ್ತೆ, ಅಮ್ಮ.”

ನಾನು ಒಲೆ ಮತ್ತೆ ದೊಡ್ಡ ಮಾಡಿದೆ.