ರೌಟರಿಗೆ ಹತ್ತಿದ ಸುಣ್ಣ

ರಾಮತೀರ್ಥ ನಗರದ ಈ ಮನೆಗೆ ಬಂದ ಮೊದಲ ದಿನ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಕೈ ತೊಳೆಯಲೆಂದು ನಲ್ಲಿ ತಿರುಗಿಸಿದೆ. ನೀರು ಬಂತು. ನಾನು ಹೆದರಿ ಹಿಂದೆ ಸರಿದೆ.

“ಇಷ್ಟೊತ್ತಿನ್ಯಾಗ ನೀರ ಯಾರ ಬಿಟ್ಟಾರವ್ವಾ?” ಎಂದು ಮಗಳನ್ನು ಕೇಳಿದೆ.

“ಯಾರೂ ಬಿಡೂದಿಲ್ಲಪ್ಪಾ. ತಿರುವಿದ್ರ ಬರತೈತಿ,” ಎಂದಳು ಸುನಂದಾ.

ಯಾರೂ ಬಿಡದೆ ನೀರು ಬರುವ ಊರಿನಲ್ಲಿ ನನಗೇನು ಕೆಲಸ ಎಂಬ ಯೋಚನೆ ಆಗಲೇ ಬಂತು. ಖಾನಾಪುರದಲ್ಲಿ ನಲವತ್ತು ವರ್ಷ ನೀರು ಬಿಟ್ಟವನು ನಾನು. ಎಸ್ಸೆಸ್ಸೆಲ್ಸಿ ಮುಗಿಸಿ ಆ ಕೆಲಸಕ್ಕೆ ಸೇರಿದೆ. ಹೆಗಲ ಮೇಲೆ ಕಬ್ಬಿಣದ ಉದ್ದನೆಯ ಚಾವಿ ಹೊತ್ತು ಓಣಿ ಓಣಿ ಸುತ್ತುವುದು, ರಸ್ತೆಯ ಗುಂಡಿಯಲ್ಲಿದ್ದ ವಾಲ್ವಿಗೆ ಚಾವಿ ಇಳಿಸಿ ತಿರುವುವುದು, ಆಮೇಲೆ “ನೀರ ಬಂತ್ರೀ! ಪಾಣೀ ಆಲಂ!” ಎಂದು ಕೂಗುವುದು. ಅಲ್ಲಿ ಕನ್ನಡದ ಮನೆಯ ಗೋಡೆಗೆ ಮರಾಠಿಯ ಮನೆಯ ಗೋಡೆ ಹತ್ತಿಕೊಂಡಿರುತ್ತದೆ, ಹಾಗಾಗಿ ಎರಡರಲ್ಲೂ ಕೂಗಬೇಕು. ಕೂಗಿದ ಕೂಡಲೇ ಬಾಗಿಲು ತೆರೆಯುತ್ತಿದ್ದವು, ಕೊಡಗಳ ಸದ್ದು ಏಳುತ್ತಿತ್ತು, ಯಾರಾದರೊಬ್ಬರು ಚಹಾಕ್ಕೆ ಕರೆಯುತ್ತಿದ್ದರು. ಹೀಗೆ ಬದುಕಿದವನಿಗೆ ಬೆಳಗಾವಿ ಒಂದು ತಾಸಿನ ಬಸ್ಸಿನ ದಾರಿಯಾದರೂ ಬೇರೆಯೇ ದೇಶವಾಯಿತು.

ಹೆಂಡತಿ ಗಂಗವ್ವ ತೀರಿಕೊಂಡ ಮೇಲೆ ಸುನಂದಾ ಹಟ ಮಾಡಿ ನನ್ನನ್ನು ಇಲ್ಲಿಗೆ ಕರೆತಂದಳು. ಮನೆಯಲ್ಲಿ ನಾಲ್ಕು ಜನ: ಅವಳು, ಎರಕದ ಕಾರ್ಖಾನೆಯಲ್ಲಿ ಮೇಸ್ತ್ರಿಯಾದ ಅಳಿಯ ಈರಣ್ಣ, ಕಾಲೇಜಿಗೆ ಹೋಗುವ ಮೊಮ್ಮಗಳು ಅಕ್ಷತಾ, ಮತ್ತು ನಾನು. ನಮ್ಮ ಕಡೆ ಮಗಳ ಮನೆಯಲ್ಲಿ ತಂದೆ ಹೆಚ್ಚು ದಿನ ನಿಲ್ಲುವುದಿಲ್ಲ. ನಿಂತವನಿಗೆ ತಟ್ಟೆಯ ಮುಂದೆ ಕೂತರೂ ಸಂಕೋಚ. ಖಾನಾಪುರದಲ್ಲಿ ನಮ್ಮದು ಭತ್ತದ ಸೀಮೆ, ಎರಡು ಹೊತ್ತೂ ಅನ್ನ. ಇಲ್ಲಿ ಅಳಿಯನ ರೂಢಿಯಂತೆ ಜೋಳದ ರೊಟ್ಟಿ. ನನಗಿರುವುದು ಕೆಲವೇ ಹಲ್ಲು. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುವುದನ್ನು ಕಲಿತೆ. ಅಲ್ಲಿ ಸಂಜೆಯಾದರೆ ಕಟ್ಟೆಯ ಮೇಲೆ ಜನ ಇರುತ್ತಿದ್ದರು. ಇಲ್ಲಿ ಪ್ರತಿ ಮನೆಗೂ ಗೇಟು, ಗೇಟಿನ ಒಳಗೆ ಕೋಣೆ, ಕೋಣೆಯ ಒಳಗೆ ಒಬ್ಬೊಬ್ಬರು. ಬಾಜೂ ಮನೆಯವರು ಯಾರೆಂದು ನನಗೆ ಮೂರು ತಿಂಗಳಾದರೂ ತಿಳಿಯಲಿಲ್ಲ.

ಆಗ ಸುನಂದಾಳಿಗೆ ಒಂದು ಕೆಲಸ ಸಿಕ್ಕಿತು. ಅವಳು ಬಿ.ಎಸ್ಸಿ., ಬಿ.ಎಡ್. ಮಾಡಿದವಳು. ಮದುವೆಯಾದಾಗಿನಿಂದ ಆ ಓದು ಪೆಟ್ಟಿಗೆಯಲ್ಲಿತ್ತು. ಈಗ ಮನೆಯಲ್ಲೇ ಕೂತು, ಕಂಪ್ಯೂಟರಿನ ಮುಂದೆ, ಎಲ್ಲೆಲ್ಲಿಯೋ ಇರುವ ಮಕ್ಕಳಿಗೆ ಗಣಿತ ಹೇಳುವುದು. ಪಾಠ ಹೇಳಿಸುವ ಕಂಪನಿಯವರು ಮೂರು ತಿಂಗಳು ನೋಡುತ್ತೇವೆ, ಪಾಠ ನಡುವೆ ಕಡಿಯಬಾರದು ಎಂದಿದ್ದರು. ಮನೆಗೆ ಹೊರಗಿನಿಂದ ನೆಟ್ಟಿನ ತಂತಿ ಬಂತು. ಅದನ್ನು ತಂತಿಯಿಲ್ಲದೆ ಕೋಣೆಕೋಣೆಗೆ ಹಂಚಲು ರೌಟರ್ ಎಂಬ ಡಬ್ಬಿ ಬೇಕಾಯಿತು.

“ನಾಲ್ಕ ಆಂಟೆನಾ ಕೋಡಿಂದ ತೊಗೊಂಬರ್ರಿ, ಮಾವಾರ. ದೊಡ್ಡದಿದ್ರ ಜೋರ ಇರತೈತಿ,” ಎಂದು ಈರಣ್ಣ ಹೇಳಿದ. ಕೊಳ್ಳುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ಮನೆಯಲ್ಲಿ ಹಗಲು ಹೊತ್ತು ಖಾಲಿ ಇದ್ದವನು ನಾನೊಬ್ಬನೇ.

ರವಿವಾರ ಪೇಟೆಯಲ್ಲಿ ಧಾನ್ಯದ ಅಂಗಡಿಗಳ ನಡುವೆ ದಸ್ತಗೀರ ಸಾಹೇಬರ ಸಣ್ಣ ಅಂಗಡಿ. ನನ್ನದೇ ವಯಸ್ಸು, ಬಿಳಿ ಗಡ್ಡ, ಬಾಯಲ್ಲಿ ನನ್ನಂತೆಯೇ ಎಲೆ-ಅಡಿಕೆ. “ಬರ್ರಿ ಕಾಕಾ, ಕುಂದರ್ರಿ,” ಎಂದು ಸ್ಟೂಲು ಸರಿಸಿದರು. ನಾನು ನಾಲ್ಕು ಕೋಡಿನದು ಕೇಳಿದೆ. ಅವರು ಕೊಡಲಿಲ್ಲ. ಮನೆಯಲ್ಲಿ ಎಷ್ಟು ಕೋಣೆ, ಒಂದೇ ಮಜಲೋ ಎರಡೋ, ಗೋಡೆ ಎಷ್ಟು ದಪ್ಪ, ಒಂದೇ ಹೊತ್ತಿಗೆ ಎಷ್ಟು ಜನ ಹಚ್ಚುತ್ತಾರೆ ಎಂದು ಕೇಳಿದರು.

“ಇದರಾಗ ಎರಡು ಬ್ಯಾಂಡ್ ಇರತಾವ್ರಿ. ಒಂದು ದೂರ ಹೋಗತೈತಿ, ಖರೇ ಸಾವಕಾಶ. ಇನ್ನೊಂದು ಜೋರೈತಿ, ಗ್ವಾಡಿ ಅಡ್ಡ ಬಂದ್ರ ಸುಸ್ತಾಗತೈತಿ.”

“ಅಂದ್ರ ನೀರಿನ ಲೈನ್ ಇದ್ದಂಗ,” ಎಂದೆ. “ಊರ ತುದಿಗೆ ಹೋಗೂದು ಒಂದು, ಒತ್ತಡ ಇರೂದು ಇನ್ನೊಂದು.”

ಸಾಹೇಬರು ಮೇಜು ಬಡಿದು ನಕ್ಕರು. “ಅಷ್ಟರೀ! ಎಂಜಿನಿಯರ್ ಮಂದಿಗೆ ಅರ್ಧಾ ತಾಸು ಹೇಳತೀನಿ, ತಿಳಿಯೂದಿಲ್ಲ. ನಿಮ್ಮ ನಾಲ್ಕ ಖೋಲಿಗೆ ಈ ಸಣ್ಣದು ರಗಡ ಆತು. ನಡು ಮನ್ಯಾಗ, ಮ್ಯಾಲ, ಮುಚ್ಚದಂಗ ಇಡ್ರಿ.”

ಅವರು ಕೊಟ್ಟದ್ದು ನನ್ನ ಎಲೆಯ ಡಬ್ಬಿಗಿಂತ ತುಸು ದೊಡ್ಡದು, ಕೋಡು ಇಲ್ಲದ್ದು. ಈರಣ್ಣ ನೋಡಿ, “ಇದೇನ ರೌಟರೋ ಸಾಬೂನ ಡಬ್ಬಿಯೋ?” ಎಂದು ಕಾಡಿದ. ಹಾಲಿನಲ್ಲಿ ನನ್ನ ಮಂಚದ ಪಕ್ಕದ ಮಾಡದಲ್ಲಿಟ್ಟು ಹಚ್ಚಿದರೆ ನಾಲ್ಕೂ ಕೋಣೆಗೆ ನೆಟ್ ಸಿಕ್ಕಿತು. ಅಂದು ಸುನಂದಾ ಸಿಹಿಗೆಂದು ಕುಂದಾ ತರಿಸಿ ನನ್ನ ಕೈಗೆ ಮೊದಲು ಕೊಟ್ಟಳು. ಬೆಳಗಾವಿಯಲ್ಲಿ ನಾನು ಗೆದ್ದದ್ದು ಅದೊಂದೇ.

ಗೆದ್ದದ್ದನ್ನು ನಾನೇ ಹಾಳು ಮಾಡಿದೆ.

ಒಂದು ಸಂಜೆ ಸೊಳ್ಳೆಯ ಬತ್ತಿಯ ಯಂತ್ರ ಹಚ್ಚಲು ಹೋಗಿ, ತಿಳಿಯದೆ ರೌಟರಿನ ಪ್ಲಗ್ ಕಿತ್ತೆ. ಮರುಗಳಿಗೆ ಮೂರು ಬಾಗಿಲು ತೆರೆದವು. “ಅಜ್ಜಾ, ನೆಟ್ ಹೋತು!” ಎಂದು ಅಕ್ಷತಾ ಓಡಿ ಬಂದಳು. ಈರಣ್ಣ ಬಂದು ನೆಲದ ಮೇಲೆ ಕೂತ. ಸುನಂದಾ, “ಬರೂತನಕಾ ಚಹಾ ಕುಡಿಯೂಣು,” ಎಂದು ಒಲೆ ಹಚ್ಚಿದಳು. ಪ್ಲಗ್ ಕಿತ್ತದ್ದು ಯಾರಿಗೂ ಕಾಣಲಿಲ್ಲ. ನಾನೂ ಹೇಳಲಿಲ್ಲ. ಚುರುಮುರಿ ತಿನ್ನುತ್ತ ಅರ್ಧ ತಾಸು ಎಲ್ಲರೂ ನನ್ನ ಸುತ್ತ ಕೂತಿದ್ದರು. ಅಕ್ಷತಾ ಮಲಪ್ರಭೆ ಉಕ್ಕಿ ಖಾನಾಪುರದ ಮನೆಯೊಳಗೆ ಬಂದ ವರ್ಷದ ಕಥೆ ಕೇಳಿದಳು, ನಾನು ಹೇಳಿದೆ. ನನ್ನ ಧ್ವನಿ ಆ ಮನೆಯಲ್ಲಿ ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು.

ಮರುದಿನ ಅದೇ ಹೊತ್ತಿಗೆ ಬೇಕೆಂದೇ ಕಿತ್ತೆ. ಆಮೇಲೆ ಅದು ರೂಢಿಯಾಯಿತು. ಪ್ಲಗ್ ಪೂರ್ತಿ ತೆಗೆಯುತ್ತಿರಲಿಲ್ಲ, ದೀಪ ಆರುವಷ್ಟು ಸಡಿಲಿಸುತ್ತಿದ್ದೆ. ಎಲ್ಲರೂ ಬಂದು ಕೂತು, ಮಾತಾಡಿ, ಏಳುವ ಹೊತ್ತಿಗೆ ಮೊಣಕೈಯಿಂದ ಒತ್ತುತ್ತಿದ್ದೆ. “ಬಂತ ನೋಡ್ರಿ,” ಎನ್ನುತ್ತಿದ್ದೆ. ಈರಣ್ಣ ನಗೆಯಾಡುತ್ತಿದ್ದ: “ಈ ನೆಟ್ ಕಡಿಯೂ ಮಗನ್ನ ಹಿಂಡಲಗಾಕ ಹಾಕಬೇಕ್ರಿ ಮಾವಾರ, ಜೈಲಿನ್ಯಾಗ ರೊಟ್ಟಿ ಬಡೀಲಿ!” ನಾನೂ ಎಲ್ಲರ ಜೊತೆ ನಗುತ್ತಿದ್ದೆ.

ಇಲ್ಲಿಯವರೆಗಿನದು ಮುಪ್ಪಿನವನ ಹುಡುಗಾಟ ಎಂದು ನೀವು ಕ್ಷಮಿಸಬಹುದು. ಮುಂದಿನದು ಹಾಗಲ್ಲ.

ಸುನಂದಾಳ ಪಾಠ ಮಧ್ಯಾಹ್ನ ಇರುತ್ತಿತ್ತು. ನಡುವೆ ಹತ್ತನೆಯ ತರಗತಿಯ ಒಬ್ಬ ಹುಡುಗಿಗಾಗಿ ಒಂದು ಪಾಠವನ್ನು ಸಂಜೆ ಆರೂವರೆಗೆ ತೆಗೆದುಕೊಂಡಳು. ಅದು ನನ್ನ ಹೊತ್ತು. ಮೊದಲ ದಿನ ಆರೂವರೆಗೆ ನನ್ನ ಕೈ ಪ್ಲಗ್ಗಿನ ಮೇಲಿತ್ತು. ಬಾಗಿಲ ಆಚೆ ಅವಳು “ಎಕ್ಸ್ ಅನ್ನು ಈ ಕಡೆ ತಂದರೆ ಏನಾಗುತ್ತೆ, ನೀನೇ ಹೇಳು ಮರಿ,” ಎನ್ನುವುದು ಕೇಳಿಸುತ್ತಿತ್ತು. ಪಾಠ ನಡೆದಿದೆ ಎಂದು ನನಗೆ ಗೊತ್ತಿತ್ತು. ಆದರೂ ಕಿತ್ತೆ. ಪಾಠ ಇದ್ದಾಗ ಹೀಗೆ ಮೂರು ಸಲ ಕಿತ್ತೆ.

ಮೂರನೆಯ ಸಲ ಅವಳು ಹೊರಗೆ ಬಂದು ಕೂರಲಿಲ್ಲ. ಬಾಗಿಲಲ್ಲೇ ನಿಂತು, “ಅಪ್ಪಾ, ಆ ಹುಡುಗಿ ಈ ಟೀಚರ್ ಬ್ಯಾಡ ಅಂತ ಬರದಾಳ. ಕಂಪನಿಯವರು ಇನ್ನೊಮ್ಮೆ ಹಿಂಗಾದ್ರ ಮುಗೀತು ಅಂದಾರ,” ಎಂದಳು. ಹದಿನೆಂಟು ವರ್ಷ ಪೆಟ್ಟಿಗೆಯಲ್ಲಿದ್ದ ಓದು ಹೊರಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ನಾನು ಆಗಲಾದರೂ ಹೇಳಬೇಕಿತ್ತು. ನನ್ನ ಬಾಯಿಂದ ಬಂದ ಮಾತು ಇದು: “ಸಣ್ಣ ಡಬ್ಬಿ ಅವ್ವಾ. ಸಾಹೇಬ ಮೋಸ ಮಾಡಿದ.”

ಮರುದಿನ ಬೆಳಿಗ್ಗೆ ಅವಳು ರೌಟರ್ ಹಿಡಿದು, ನನ್ನನ್ನೂ ಕರೆದುಕೊಂಡು ರವಿವಾರ ಪೇಟೆಗೆ ನಡೆದಳು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. “ಸಾಹೇಬ್ರ, ವಯಸ್ಸಾದವರಂತ ನಮ್ಮಪ್ಪಗ ಮಂಕಬೂದಿ ಹಾಕಿ ಕೆಟ್ಟ ಮಾಲ ಕೊಟ್ರಿ. ನನ್ನ ಕೆಲಸ ಹೋಗೂ ಹೊತ್ತ ಬಂದೈತಿ!” ಎಂದಳು. ಜನ ತಿರುಗಿ ನೋಡಿದರು. ಒಬ್ಬನು ಕೈಯಲ್ಲಿದ್ದ ಸಾಮಾನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟೇಹೋದ.

ಸಾಹೇಬರು ರೌಟರನ್ನು ಹಚ್ಚಿ ನೋಡಿದರು. ದೀಪ ಹಸಿರಾಯಿತು, ಅಲುಗಾಡಲಿಲ್ಲ. ಆಮೇಲೆ ಪ್ಲಗ್ಗನ್ನು ಕಿತ್ತು ಬೆಳಕಿಗೆ ಹಿಡಿದರು. ಪಿನ್ನುಗಳು ಹಾಕಿ ತೆಗೆದು, ಹಾಕಿ ತೆಗೆದು ಗೀರುಗೀರಾಗಿದ್ದವು. ಅದರ ಕರಿ ಮೈಮೇಲೆ, ಹೆಬ್ಬೆರಳು ಕೂರುವ ಕಡೆ, ಬೆಳ್ಳಗೆ ಒಣಗಿದ ಗುರುತು. ಎಲೆಗೆ ಸುಣ್ಣ ಹಚ್ಚಿಕೊಂಡ ಬೆರಳಿನ ಗುರುತು ಎಲೆ ಹಾಕುವವನಿಗೆ ತಿಳಿಯದೆ ಇರುತ್ತದೆಯೆ? ಸಾಹೇಬರು ನನ್ನ ಹೆಬ್ಬೆರಳನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಕೈಯನ್ನು ಧೋತರದಲ್ಲಿ ಮುಚ್ಚಿಕೊಂಡೆ.

ಅವರು ಹೆಗಲ ಮೇಲಿನ ಅರಿವೆ ತೆಗೆದು ಆ ಸುಣ್ಣವನ್ನು ಒರೆಸಿದರು.

“ತಪ್ಪಾತವ್ವಾ,” ಎಂದರು ನನ್ನ ಮಗಳಿಗೆ. “ಹೊಸಾ ಪೀಸ್ ಕೊಡತೀನಿ. ಇದು ಕೆಡೂದಿಲ್ಲ.” ಹೊಸದನ್ನು ನನ್ನ ಕೈಗೆ ಕೊಡುವಾಗ ದನಿ ಇಳಿಸಿ, “ಕಾಕಾ, ಹೊತ್ತ ಹೋಗಲಿಲ್ಲಂದ್ರ ಇಲ್ಲಿ ಬಂದ ಕುಂದರ್ರಿ. ಎಲಿ ನಂದು,” ಎಂದರು.

ಅಲ್ಲೂ ನಾನು ಬಾಯಿ ಬಿಡಲಿಲ್ಲ. ರಿಕ್ಷಾದಲ್ಲಿ ಬರುವಾಗ ನೆನಪಾದದ್ದು ಖಾನಾಪುರದ ಕುಂಬಾರ ಓಣಿ. ಆ ಓಣಿಯವರೇ, ನೀವು ಇದನ್ನು ಓದುತ್ತಿದ್ದರೆ ನಿಮ್ಮ ಮುಂದೆಯೇ ಹೇಳುತ್ತೇನೆ. ನಿಮ್ಮಲ್ಲಿ ಒಂದು ಮದುವೆಗೆ ನನ್ನನ್ನು ಕರೆಯಲಿಲ್ಲವೆಂದು, ಬಹಳ ವರ್ಷಗಳ ಹಿಂದೆ, ನಾಲ್ಕು ದಿನ ನಿಮ್ಮ ವಾಲ್ವನ್ನು ಅರ್ಧವಷ್ಟೇ ತಿರುವಿದ್ದೆ. ಪೈಪಿನಲ್ಲಿ ಮಣ್ಣು ಸಿಕ್ಕಿದೆ ಎಂದು ಸುಳ್ಳು ಹೇಳಿದೆ. ಹದ ಮಾಡಿಟ್ಟ ನಿಮ್ಮ ಮಣ್ಣು ಒಣಗಿತು. ಐದನೆಯ ದಿನ ನೀವು ಕುಂದಾ ತಂದುಕೊಟ್ಟು ಕೈ ಮುಗಿದಿರಿ, ನಾನು ನೀರು ಬಿಟ್ಟೆ. ಜನ ನನ್ನನ್ನು ಎಷ್ಟು ಗೌರವಿಸುತ್ತಾರೆ ಎಂದು ಹಿಗ್ಗಿದೆ. ಗಂಗವ್ವ ಮಾತ್ರ ಆ ಕುಂದಾ ಮುಟ್ಟಲಿಲ್ಲ. “ನೀರ ತಡದ ಗಳಿಸಿದ್ದು ನನಗ ಬ್ಯಾಡ,” ಎಂದಿದ್ದಳು.

ಆ ಸಂಜೆ ಸುನಂದಾ ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲ ಹೇಳಿದೆ. ಅವಳ ಕೈ ನಿಂತಿತು.

“ಎಷ್ಟ ದಿನದಿಂದ?”

“ಐದ ವಾರ ಆತವ್ವಾ.”

“ಕ್ಲಾಸ್ ನಡದಿದ್ದು ಗೊತ್ತಿರಲಿಲ್ಲೇನು?”

“ಗೊತ್ತಿತ್ತು.”

ಅವಳು ಬೈಯಲಿ ಎಂದು ಕಾದೆ. ಹಿಟ್ಟಿನ ಕೈಯನ್ನೇ ನೋಡುತ್ತ, “ಆ ಸಾಹೇಬ್ರಿಗೆ ಅಷ್ಟ ಮಂದಿ ಮುಂದ ಏನೇನ ಅಂದೆನಪ್ಪಾ ನಾ,” ಎಂದಳು. ಮತ್ತೆ ಬಡಿಯತೊಡಗಿದಳು. ನನ್ನ ತಟ್ಟೆಗೆ ಅಂದೂ ರೊಟ್ಟಿ ಬಂತು, ಮಜ್ಜಿಗೆಯೂ ಬಂತು. ತಟ್ಟೆ ಇಟ್ಟು ಅವಳು ತನ್ನ ಕೋಣೆಗೆ ಹೋದಳು. ಬೆಳಗಾದ ಮೇಲೆ ಅವಳು ಒಬ್ಬಳೇ ರವಿವಾರ ಪೇಟೆಗೆ ಹೋಗಿ ಬಂದಳು. ಅಲ್ಲಿ ಏನು ಹೇಳಿದಳೋ ನನಗೆ ಹೇಳಲಿಲ್ಲ. ನಾನೂ ಬೇರೊಂದು ದಿನ ಹೋಗಿ ಸಾಹೇಬರ ಗಿರಾಕಿಗಳ ಎದುರಿಗೇ ತಪ್ಪು ನನ್ನದೆಂದು ಹೇಳಿದೆ. ಅಂದು ಸಾಮಾನು ಇಟ್ಟು ಹೊರಟುಹೋದವನು ಆ ಗಿರಾಕಿಗಳಲ್ಲಿ ಇರಲಿಲ್ಲ.

ಹೊಸ ರೌಟರನ್ನು ಈರಣ್ಣ ಹಾಲಿನ ಗೋಡೆಯ ಮೇಲ್ತುದಿಗೆ ಮೊಳೆ ಹೊಡೆದು ಕೂರಿಸಿದ. ಪ್ಲಗ್ಗೂ ಅಲ್ಲೇ ಮೇಲೆ. ಮೇಲಿಟ್ಟರೆ ಒಳ್ಳೆಯದು ಎಂದು ಸಾಹೇಬರೇ ಹೇಳಿದ್ದರು, ನಿಜ. ಆದರೆ ಸ್ಟೂಲಿಲ್ಲದೆ ನನ್ನ ಕೈ ಅಲ್ಲಿಗೆ ಮುಟ್ಟುವುದಿಲ್ಲ ಎನ್ನುವುದು ಮನೆಯವರಿಗೆಲ್ಲ ಗೊತ್ತು. ಈರಣ್ಣ ಈಗ ಹಿಂಡಲಗಾದ ನಗೆಯಾಡುವುದಿಲ್ಲ. ಸಂಜೆ ಮೂರು ಬಾಗಿಲು ಮುಚ್ಚಿರುತ್ತವೆ. ಊರಿಗೆ ಹೋಗಿಬಿಡಲೇ ಎಂದು ಒಮ್ಮೆ ಬಸ್ಸು ಹತ್ತಿ ಹೋಗಿದ್ದೆ. ಖಾನಾಪುರದಲ್ಲಿ ಈಗ ಬೇರೆಯವನು ನೀರು ಬಿಡುತ್ತಾನೆ, ಕೂಗುವುದಿಲ್ಲ, ಫೋನಿನಲ್ಲಿ ಸುದ್ದಿ ಹಾಕುತ್ತಾನೆ. ಕುಂಬಾರ ಓಣಿಯ ಬಾಯಿಗೆ ಬಂದು, ಒಳಗೆ ಕಾಲಿಡಲಾರದೆ ತಿರುಗಿ ಬಂದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊನ್ನೆ ಸಂಜೆ ಸುನಂದಾ ಪಾಠ ಹೇಳುತ್ತಿದ್ದಳು. ಕಂಪನಿಯವರು ಕೊನೆಯ ಅವಕಾಶವೆಂದು ಹೊಸದೊಂದು ಮಗು ಕೊಟ್ಟಿದ್ದರು. ನಡುವೆಯೇ ನೆಟ್ ಹೋಯಿತು. ನಿಜವಾಗಿಯೂ ಹೋಯಿತು. ಮೇಲಿನ ದೀಪ ಕೆಂಪಾಯಿತು. ಬಾಗಿಲು ತೆರೆದು ಅವಳು ಹೊರಗೆ ಬಂದಳು. ಮೊದಲು ನೋಡಿದ್ದು ರೌಟರನ್ನಲ್ಲ, ನನ್ನನ್ನು.

ನೀರು ಬಾರದ ದಿನ ಕುಂಬಾರ ಓಣಿಯ ನೀವೆಲ್ಲ ನನ್ನ ಮುಖವನ್ನು ಹಾಗೇ ನೋಡುತ್ತಿದ್ದಿರಿ. ಆಗ ನನಗದು ತಿಳಿದಿರಲಿಲ್ಲ.

ನಾನು ಮಂಚದಿಂದ ಎದ್ದು ಎರಡೂ ಕೈಯನ್ನು ಚಾಚಿ ತೋರಿಸಿದೆ. ಖಾಲಿ ಕೈ, ಹೆಬ್ಬೆರಳಲ್ಲಿ ಸುಣ್ಣ. ಅವಳು ಕೈಗಳನ್ನು ನೋಡಿದಳು, ಮೇಲಿನ ಡಬ್ಬಿಯನ್ನು ನೋಡಿದಳು.

“ನಾ ಫೋನಿನ ನೆಟ್ ಹಚ್ಚಿ ಕ್ಲಾಸ್ ನಡಸತೀನಿ,” ಎಂದಳು. ಒಳಗೆ ಹೋಗುತ್ತ ಒಂದು ಕ್ಷಣ ತಡೆದು, “ನೀ ಇಲ್ಲೇ ಕುಂದರ, ಅಪ್ಪಾ. ದೀಪ ಹಸರಾದ್ರ ಹೇಳು,” ಎಂದಳು.

ಬಾಗಿಲನ್ನು ಪೂರ್ತಿ ಹಾಕಲಿಲ್ಲ. ನಾನು ಕತ್ತೆತ್ತಿ ಕೂತೆ. ಕುತ್ತಿಗೆ ನೋಯಿತು, ಕಣ್ಣಲ್ಲಿ ನೀರಾಡಿತು, ದೀಪವನ್ನು ಬಿಟ್ಟು ಬೇರೆಡೆ ನೋಡಲಿಲ್ಲ. ಎಷ್ಟು ಹೊತ್ತಾಯಿತೋ. ಕೆಂಪು ಹೋಗಿ ಹಸಿರು ಬಂದ ಕೂಡಲೇ, ಎದ್ದು ನಿಂತು, ಓಣಿಯ ತುದಿಗೆ ಕೇಳುವಂಥ ಹಳೆಯ ಧ್ವನಿಯಲ್ಲಿ ಕೂಗಿಬಿಟ್ಟೆ:

“ಪಾಣೀ ಆಲಂ!”

ಅರೆ ತೆರೆದ ಬಾಗಿಲ ಆಚೆ ಪಾಠ ಮುಂದುವರಿಯಿತು.