ತುಪ್ಪದ ಬೆಲೆ ಕೇಳುವ ಕೆಲಸ

ಕುಶಾಲನಗರದ ಸಂತೆಯಲ್ಲಿ ಏನನ್ನೂ ಕೊಳ್ಳದೆ ಬರೀ ಬೆಲೆ ಕೇಳುತ್ತಾ ತಿರುಗುವವಳು ನಾನು. ಸರ್ಕಾರ ನನಗೆ ಅದಕ್ಕೇ ಸಂಬಳ ಕೊಡುತ್ತದೆ. ಹಾಲು, ಮೊಸರು, ಬೆಣ್ಣೆ, ತುಪ್ಪ. ಪ್ರತಿಸಲವೂ ಅದೇ ಜಾಗ, ಅದೇ ಸರಕು, ಅದೇ ಅಳತೆ. ನಾನು ಟ್ಯಾಬಿನಲ್ಲಿ ಒತ್ತಿದ ಅಂಕಿ ದೇಶದ ಉಳಿದ ಸಂತೆಗಳ ಅಂಕಿಯ ಜೊತೆ ಸೇರಿ, ಬೆಲೆ ಎಷ್ಟು ಏರಿತು ಎನ್ನುವ ಲೆಕ್ಕವಾಗಿ, ಕೊನೆಗೆ ಯಾರದೋ ತುಟ್ಟಿಭತ್ಯೆಯಾಗಿ ಹೊರಬರುತ್ತದಂತೆ. ಕಾಲಿಗೆ ಚಕ್ರ ಕಟ್ಟಿಕೊಂಡವಳು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ. ನೆಟ್‌ವರ್ಕ್ ಹುಡುಕುತ್ತಾ ಟ್ಯಾಬು ಮೇಲೆತ್ತಿಕೊಂಡು ಓಡಾಡುವುದನ್ನು ಕಂಡರೆ ಸಂತೆಯ ಸೊಪ್ಪಿನವರೂ ನಗುತ್ತಾರೆ. ನಗಲಿ. ತಿಂಗಳ ಲೆಕ್ಕ ಕಳಿಸುವ ದಿನ ಹತ್ತಿರ ಬಂದರೆ ನನಗೆ ಯಾರ ನಗುವೂ ಕಾಣಿಸುವುದಿಲ್ಲ.

ಮನೆ ತುಪ್ಪಕ್ಕೆ ನನ್ನ ಪಟ್ಟಿಯಲ್ಲಿದ್ದವರು ಒಬ್ಬ ಅಕ್ಕ. ಅವರದು ಹಾಸನದ ಕಡೆಯಿಂದ ಬಂದು ಹಾರಂಗಿಯ ಹತ್ತಿರ ನೆಲೆಸಿದ ಕುಟುಂಬ, ಕರೆಯುವ ಹಸು ಒಂದೇ. ವೀಳ್ಯದೆಲೆ ಹಾಕಿ ಕಾಯಿಸಿದ ಅವರ ತುಪ್ಪ ಬಾಟಲಿಯಲ್ಲಿ ಮರಳು ಮರಳಾಗಿ ನಿಂತಿರುತ್ತಿತ್ತು. ಬೇರೆಯವರು ‘ಕೊಳ್ಳೋರಿಗೆ ದಾರಿ ಬಿಡಿ ಮೇಡಂ’ ಎಂದು ಗದರಿದರೆ, ಅಕ್ಕ ಮಾತ್ರ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದರು. ನಾನು ಕೇಳಿದ ಮೇಲೂ ತುಸು ಯೋಚಿಸಿಯೇ ಬೆಲೆ ಹೇಳುತ್ತಿದ್ದರು. ಅಷ್ಟಕ್ಕೂ ನನಗೆ ಸಹನೆಯಿಲ್ಲ.

“ಬೇಗ ಹೇಳಿ ಅಕ್ಕಾ.”

“ಇರಮ್ಮಾ. ಕಾಫಿ ಬೆಲೆ ನಮ್ಮೆಜಮಾನ್ರು ಮಾತಾಡ್ತಾರೆ, ಶುಂಠಿ ಬೆಲೆ ಮೈದುನ ಮಾತಾಡ್ತಾನೆ. ನನ್ನ ಬಾಯಲ್ಲಿ ಬರೋ ಬೆಲೆ ಇದೊಂದೇ. ಅದೂ ಸರ್ಕಾರವೇ ಬಂದು ಕೇಳ್ತೈತೆ.”

ಒಂದು ಸಂತೆಯಲ್ಲಿ ಅಕ್ಕನ ಮುಂದೆ ತೊಂಡೆಕಾಯಿ ಮಾತ್ರ ಇತ್ತು. “ಹಸು ಗಬ್ಬ ಐತೆ, ಹಾಲು ಬತ್ತಿಸಿದೀನಿ. ಕರು ಹಾಕೋ ಗಂಟ ಕಾಯಕ್ಕೆ ಹೇಳು ನಿನ್ನ ಸರ್ಕಾರಕ್ಕೆ” ಎಂದರು. ನನಗೆ ನಗು ಬಂತು. ಟ್ಯಾಬಿನಲ್ಲಿ ‘ಸಿಗಲಿಲ್ಲ’ ಎಂದು ಒತ್ತಿದೆ. ಮುಂದಿನ ಸಲವೂ ಅದೇ ಕಥೆಯಾದಾಗ ನಗು ಹೋಗಿ ಸಿಟ್ಟು ಬಂತು. ಹೀಗೇ ಸಿಗದೆ ಹೋದರೆ ನಿಮ್ಮ ತುಪ್ಪ ಪಟ್ಟಿಯಿಂದ ತೆಗೆದು ಬೇರೆಯದನ್ನು ಸೇರಿಸಬೇಕಾಗುತ್ತೆ, ಮತ್ತೆ ಬದಲಾಯಿಸೋಕೆ ನನ್ನ ಕೈಲಾಗಲ್ಲ ಎಂದು ಒರಟಾಗಿಯೇ ಹೇಳಿದೆ. ಅಕ್ಕನ ಮುಖ ಸಣ್ಣದಾಯಿತು.

ಅದರ ಮುಂದಿನ ಸಂತೆಗೆ ಬಾಟಲಿ ಬಂದಿತ್ತು. ಒಳಗೊಂದು ವೀಳ್ಯದೆಲೆಯೂ ಇತ್ತು. ಎತ್ತಿ ವಾಲಿಸಿ ನೋಡಿದೆ. ತುಪ್ಪ ನುಣ್ಣಗಿತ್ತು, ಮರಳೇ ಇಲ್ಲ.

“ಕರು ಹಾಕ್ತಾ ಅಕ್ಕಾ?”

ಅಕ್ಕ ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಇಲ್ಲ ಕಣಮ್ಮಾ. ಅಂಗಡಿ ಪ್ಯಾಕೆಟ್‌ದು, ತಂದು ಹುಯ್ದಿದೀನಿ. ಮಾರಕ್ಕಲ್ಲ, ನೀನು ಬರ್ಕೊಳ್ಳಕ್ಕೆ. ನನ್ನ ಜಾಗ ಹೋಗಬಾರ್ದಲ್ಲ.”

ಕೋಪವೂ ಬಂತು, ಅಳುವೂ ಬಂತು. ಅಕ್ಕ ಹೇಳಿದ ಬೆಲೆಯನ್ನು ಬರೆದುಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಇಲ್ಲದ ತುಪ್ಪಕ್ಕೆ ಬೆಲೆ ಬರೆದರೆ ಇಡೀ ದಿನ ಬಿಸಿಲಲ್ಲಿ ಅಲೆಯುವ ನನ್ನ ಕೆಲಸಕ್ಕೆ ಅರ್ಥವೇನು? “ಹೀಗೆಲ್ಲಾ ಮಾಡಬಾರ್ದು ಅಕ್ಕಾ” ಎಂದು ಮತ್ತೆ ‘ಸಿಗಲಿಲ್ಲ’ ಒತ್ತಿ, ಅವರ ಮುಖ ನೋಡದೆ ಮೀನಿನವರ ಸಾಲಿನ ಕಡೆ ನಡೆದುಬಿಟ್ಟೆ.

ಆ ತಿಂಗಳಿಂದ ಅಕ್ಕನ ತುಪ್ಪದ ಬದಲು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ಪ್ಯಾಕೆಟ್ ತುಪ್ಪ ಪಟ್ಟಿಗೆ ಸೇರಿತು. ಅದರ ಬೆಲೆ ಅದರ ಮೇಲೇ ಅಚ್ಚಾಗಿರುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ, ಯಾರೂ ಯೋಚಿಸಿ ಹೇಳುವುದಿಲ್ಲ. ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ಆದರೂ ಆ ಅಂಗಡಿಯಿಂದ ಹೊರಬಂದಾಗಲೆಲ್ಲ ಏನನ್ನೋ ಮರೆತು ಬಂದಂತೆ ತಿರುಗಿ ನೋಡುತ್ತೇನೆ.

ಅಕ್ಕನ ಸಾಲಿನಲ್ಲಿ ಹೋಗುವುದನ್ನೇ ಬಿಟ್ಟಿದ್ದೆ. ಒಂದು ದಿನ ಅವರೇ ದೂರದಿಂದ ಕೂಗಿದರು, “ಮೇಡಮ್ಮಾ, ಹೆಣ್ಗರು!” ಹೋಗದೆ ವಿಧಿಯಿರಲಿಲ್ಲ. ಬಾಟಲಿಯಲ್ಲಿ ತುಪ್ಪ ಮೊದಲಿನಂತೆ ಮರಳು ಮರಳಾಗಿತ್ತು. ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಅಭ್ಯಾಸಬಲವೋ ಏನೋ, “ಎಷ್ಟು ಅಕ್ಕಾ?” ಎಂದುಬಿಟ್ಟೆ.

ಅಕ್ಕ ಯೋಚಿಸಿ ಹೇಳಿದರು. ಹೇಳಿ ಟ್ಯಾಬಿನ ಮೇಲಿದ್ದ ನನ್ನ ಬೆರಳನ್ನೇ ನೋಡುತ್ತಾ ಕೂತರು. ಬೆರಳು ಅಲ್ಲಾಡಲಿಲ್ಲ.

“ನಿಮ್ಮ ಜಾಗಕ್ಕೆ ಬೇರೆ ತುಪ್ಪ ಸೇರಿಸಿಯಾಯ್ತು ಅಕ್ಕಾ. ನಾನಿದನ್ನ ಬರ್ಕೊಳ್ಳೋ ಹಾಗಿಲ್ಲ.”

ಅಕ್ಕ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರು.

“ಮತ್ತ್ಯಾಕಮ್ಮಾ ಕೇಳ್ದೆ?”