ಬದನೆಕಾಯಿ ಹಿಡಿಸದ ಚೀಲ

ಚೀಲ ಕೊಳ್ಳಲು ಹೋದವರು ಅದರಲ್ಲಿ ಏನೇನು ಹಿಡಿಸುತ್ತದೆ ಎಂದು ನೋಡುತ್ತಾರೆ. ನಾನು ಏನೇನು ಹಿಡಿಸುವುದಿಲ್ಲ ಎಂದು ನೋಡಲು ಹೋಗಿದ್ದೆ. ಎಂಬತ್ತರ ದಶಕದ ಮಾತು. ಆಳಂದದಲ್ಲಿ ಗಂಡನ ಮನೆ, ನಿಂಬರ್ಗಾದಲ್ಲಿ ಪ್ರಾಥಮಿಕ ಶಾಲೆಯ ನೌಕರಿ, ನಡುವೆ ದಿನಾ ಬಸ್ಸು.

ಅಲ್ಲಿಯವರೆಗೆ ನನ್ನ ಕೈಯಲ್ಲಿ ಇದ್ದದ್ದು ವೈರ್ ಬುಟ್ಟಿ. ಹಸಿರು ಬಿಳಿ ಪ್ಲಾಸ್ಟಿಕ್ ವೈರಿನಲ್ಲಿ ಅದನ್ನು ಹೆಣೆದವಳೂ ನಾನೇ, ನನ್ನ ಬುದ್ಧಿಗಿಷ್ಟು. ಎಷ್ಟು ತುಂಬಿದರೂ ಇನ್ನಷ್ಟು ಹಿಡಿಸುತ್ತಿತ್ತು. ಹೊಲಗಳ ಊರಿಗೆ ಹೋಗುವ ಸೊಸೆ ಬರುವಾಗ ತಾಜಾ ಕಾಯಿಪಲ್ಯ ತರಲಿ ಎಂದು ಮನೆಯವರ ಎಣಿಕೆ. ಬದನೆಕಾಯಿ, ಮೆಂತ್ಯೆ, ಸುಗ್ಗಿಯಲ್ಲಿ ಹಸಿ ತೊಗರಿಕಾಯಿ. ಶಾಲೆ ಬಿಟ್ಟ ಕೂಡಲೇ ಬರುತ್ತಿದ್ದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಗುತ್ತಿತ್ತು. ನಾನು ಕಾಯಿಪಲ್ಯ ಆರಿಸಿ ಮುಗಿಸುವಷ್ಟರಲ್ಲಿ ಅದು ಹೋಗಿರುತ್ತಿತ್ತು. ಮುಂದಿನ ಬಸ್ಸು ಕಿಕ್ಕಿರಿದು ಬರುತ್ತಿತ್ತು. ಬುಟ್ಟಿಯನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ಆಳಂದದವರೆಗೆ ಜೋತುಬಿದ್ದು ಬರುತ್ತಿದ್ದೆ.

ನನಗೆ ಆ ಕಿಟಕಿ ಪಕ್ಕದ ಸೀಟು ಬೇಕಿತ್ತು. ಖಾಸಗಿಯಾಗಿ ಬಿ.ಎ. ಪರೀಕ್ಷೆಗೆ ಕಟ್ಟಿದ್ದೆ. ಅದೊಂದು ಮುಗಿದು ಬಿ.ಎಡ್. ಆದರೆ ಹೈಸ್ಕೂಲಿನಲ್ಲಿ ಪಾಠ ಮಾಡಬಹುದು ಎಂಬ ಆಸೆ. ಮನೆಯಲ್ಲಿ ಪುಸ್ತಕ ಹಿಡಿದರೆ ಒಲೆಯ ಮೇಲಿನ ಹಾಲು ಸಹ ಅದೇ ಹೊತ್ತು ನೋಡಿ ಉಕ್ಕುತ್ತಿತ್ತು. ಬೆಳಗಿನ ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿದ್ದೇ ಇಲ್ಲ. ಓದಲು ಉಳಿದದ್ದು ಸಂಜೆಯ ಆ ಮೊದಲ ಬಸ್ಸೊಂದೇ.

ಅದಕ್ಕೇ ಇತಿಹಾಸದ ದಪ್ಪ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಗೆ ಹೋದೆ. ಅಂಗಡಿಯವನು ದೊಡ್ಡ ದೊಡ್ಡ ಚೀಲಗಳನ್ನೇ ಕೊಡವಿ ಕೊಡವಿ ತೋರಿಸಿದ. ನಾನು ಒಂದೊಂದರಲ್ಲೂ ಪುಸ್ತಕ ಇಟ್ಟು ನೋಡಿ, ಪಕ್ಕದಲ್ಲಿ ಜಾಗ ಉಳಿದರೆ ಬೇಡ ಎಂದು ತಿರುಗಿ ಕೊಟ್ಟೆ. ಕೊನೆಗೆ ಕಂದು ರೆಕ್ಸಿನ್ನಿನದೊಂದು ಸಿಕ್ಕಿತು. ಹೆಗಲಿಗೆ ಹಾಕುವಂಥದ್ದು, ಬಾಯಿಗೆ ಚೈನು. ಪುಸ್ತಕ, ರೊಟ್ಟಿಯ ಚಪ್ಪಟೆ ಡಬ್ಬಿ, ಕನ್ನಡಕ, ಒಂದು ಕರವಸ್ತ್ರ ಇಟ್ಟರೆ ಮುಗಿಯಿತು.

“ಅಕ್ಕೋರೆ, ಇದು ಭಾಳ ಸಣ್ಣದಾಯ್ತ್ರಿ. ಒಂದು ಬದನಿಕಾಯಿ ಸೈತ ಹಿಡಿಯಂಗಿಲ್ರಿ,” ಎಂದ.

“ಹಿಡೀಬಾರ್ದಂತನ ಒಯ್ಯಾಕತ್ತೇನಿ,” ಎಂದೆ. ಅವನು ನನ್ನ ಮುಖವನ್ನೇ ನೋಡುತ್ತ ಚಿಲ್ಲರೆ ಕೊಟ್ಟ.

ನನ್ನ ಗಂಡ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಪಿಯುಸಿ ಒಮ್ಮೆ ಫೇಲಾಗಿ ಅಲ್ಲಿಗೇ ಬಿಟ್ಟವರು. ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಛಲೋ ಅದ ಎಂದರು. ಸಂಜೆ ಕಟ್ಟೆಯ ಮೇಲೆ ಗೆಳೆಯರ ಮುಂದೆ, “ನಮ್ಮಾಕಿ ಬಿ.ಎ. ಮಾಡಾಕತ್ತಾಳ,” ಎಂದು ಅವರು ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿ ನಾನು ಉಬ್ಬಿಹೋದೆ. ಅತ್ತೆ ಮಾತ್ರ, “ಇನ್ ಮ್ಯಾಲ ಕಾಯಿಪಲ್ಯ ಯಾರ್ ತರೋರು?” ಎಂದು ಕೇಳಿದ್ದರು.

ಕೆಲವು ದಿನ ಸುಖವಾಗಿ ಓದಿದೆ. ಒಂದು ಸಂಜೆ ಸೀಟಿನಲ್ಲಿ ಕೂತು ಚೈನು ಎಳೆದು ಕೈ ಹಾಕಿದರೆ ಮೆತ್ತಗೆ ಏನೋ ತಾಗಿತು. ನಾಲ್ಕು ಮಡಿಕೆ ಮಾಡಿದ ಬಟ್ಟೆಯ ಪಿಶವಿ, ಸಂತೆಗೆ ಒಯ್ಯುವ ದೊಡ್ಡದು. ಮಧ್ಯಾಹ್ನ ಮೇಲಿದ್ದ ರೊಟ್ಟಿಯ ಡಬ್ಬಿಯನ್ನಷ್ಟೇ ಎಳೆದುಕೊಂಡಿದ್ದೆ, ಒಳಗೆ ನೋಡಿರಲಿಲ್ಲ. ಪುಸ್ತಕ ಇರಲಿಲ್ಲ. ಮನೆಗೆ ಬಂದು ನೋಡಿದರೆ ಅದು ಗೋಡೆಯ ಗೂಡಿನಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಇತ್ತು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ರೊಟ್ಟಿ ಬಡಿದು, ಡಬ್ಬಿ ತುಂಬಿಟ್ಟು, ಗೂಟದಲ್ಲಿದ್ದ ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡುವವಳು ಬಿಚ್ಚಿ ನೋಡುವುದು ಯಾವಾಗ?

ಇದು ಅತ್ತೆಯ ಕೆಲಸವೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಒಂದು ಬೆಳಿಗ್ಗೆ ತಡೆಯಲಾರದೆ, “ಅತ್ತೀ, ನನ್ನ ಪುಸ್ತಕ ಯಾಕ್ ತೆಗೀತೀರಿ?” ಎಂದು ಏರು ದನಿಯಲ್ಲೇ ಕೇಳಿದೆ.

“ನನಗ್ಯಾಕ್ ಬೈತಿ ಬೇ? ಆ ಚೈನ್ ತೆಗಿಲಾಕ ಸೈತ ನನಗ ಬರಂಗಿಲ್ಲ. ನಿನ್ನ ಗಂಡನ್ನ ಕೇಳು,” ಎಂದರು ಅವರು.

ಗಂಡ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದರು. ತಿರುಗಿ ಸಹ ನೋಡಲಿಲ್ಲ. “ಪಿಶವಿ ಹಿಡಿಸ್ಲಿಲ್ಲ, ಅದಕ್ಕ ಪುಸ್ತಕ ತೆಗದೆ. ಸಣ್ಣ ಚೀಲ ಆರಿಸಿ ತಂದಾಕಿ ನೀನ ಅಲ್ಲೇನು? ಪುಸ್ತಕೇನ್ ಓಡಿ ಹೋಗ್ತದ?” ಎಂದರು.

ಕಟ್ಟೆಯ ಮೇಲೆ ನನ್ನನ್ನು ಹೊಗಳಿದ ಬಾಯಿ ಇದೇ. ಮೈಯೆಲ್ಲ ಉರಿಯಿತು. ಪಿಶವಿಯನ್ನು ಬೀದಿಗೆ ಎಸೆದು, ಪುಸ್ತಕವನ್ನು ಚೀಲದಲ್ಲಿ ತುರುಕಿ ನಡೆದುಬಿಟ್ಟೆ.

ಅಂದಿನಿಂದ ಗಂಡ ನನ್ನೊಡನೆ ಮಾತು ಬಿಟ್ಟರು. ಬೈಗುಳ ಇಲ್ಲ, ಹೊಡೆತ ಇಲ್ಲ. ನಾನು ಎದುರಿಗೇ ನಿಂತಿದ್ದರೂ ತಾಯಿಯ ಕಡೆ ತಿರುಗಿ, “ಅಕಿಗಿ ಹೇಳು, ಚಾ ಬೇಕಂತ,” ಎನ್ನುತ್ತಿದ್ದರು. ಬಸ್ಸಿನಲ್ಲಿ ಪುಸ್ತಕ ತೊಡೆಯ ಮೇಲೆ ಇರುತ್ತಿತ್ತು, ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ. ಒಂದು ಮನೆಯಲ್ಲಿ ಗಂಡ ಮಾತಾಡದಿದ್ದರೆ ಗೋಡೆಗಳೂ ಅವನ ಕಡೆಯೇ ಸೇರುತ್ತವೆ. ವಾರಗಳು ಹೀಗೇ ಕಳೆದವು.

ಕೊನೆಗೆ ಒಂದು ಬೆಳಿಗ್ಗೆ ನಾನೇ ಪುಸ್ತಕ ತೆಗೆದು ಗೂಡಿನಲ್ಲಿಟ್ಟೆ. ಯಾರೋ ಎತ್ತಿ ತಂದು ಒಗೆದಿಟ್ಟಿದ್ದ ಆ ಪಿಶವಿಯನ್ನು ನಾನೇ ಮಡಿಸಿ ಚೀಲದೊಳಗೆ ಇಟ್ಟೆ. ಸಂಜೆ ಎರಡನೆಯ ಬಸ್ಸಿಗೆ ಜೋತುಬಿದ್ದು ಬಂದೆ. ಗಂಡ ಒಂದು ಬದನೆಕಾಯಿ ಕೈಗೆತ್ತಿಕೊಂಡು ಹಿಚುಕಿ ನೋಡಿ, “ಎಳೇವು ಅದಾವ,” ಎಂದರು. ನನ್ನೊಡನೆಯೇ ಆಡಿದ ಮಾತು. ನನಗೆ ಎಷ್ಟು ಸಂತೋಷವಾಯಿತೆಂದರೆ ನಕ್ಕುಬಿಟ್ಟೆ.

ಪುಸ್ತಕ ಈಗಲೂ ಇದೆ. ಮುಚ್ಚಿಟ್ಟು ಅಂಚನ್ನು ನೋಡಿದರೆ ಮೊದಲ ಅರ್ಧ ಬಸ್ಸಿನ ಧೂಳಿಗೆ ಕಂದಾಗಿದೆ, ಉಳಿದರ್ಧ ಬೆಳ್ಳಗಿದೆ. ನಾನು ಪ್ರಾಥಮಿಕ ಶಾಲೆಯಲ್ಲೇ ಉಳಿದೆ.

ಮನೆಗೆ ಬಂದವರು ಯಾರಾದರೂ ನನ್ನ ಓದಿನ ವಿಷಯ ಎತ್ತಿದರೆ ಗಂಡ ಈಗಲೂ ಬೇಸರದಿಂದ ತಲೆಯಾಡಿಸುತ್ತಾರೆ. “ಅಕಿನ ಬಿಟ್ಲು ನೋಡ್ರಿ. ನಮ್ಮನ್ಯಾಗ ಯಾರೂ ಓದಬ್ಯಾಡ ಅಂದಿಲ್ಲ,” ಎನ್ನುತ್ತಾರೆ. ನಾನು ಚಹಾದ ಕಪ್ಪು ಕೊಡುತ್ತೇನೆ. ಅವರು ಹೇಳುವುದು ನಿಜವೇ. ಯಾರೂ ಅಂದಿರಲಿಲ್ಲ.